ಲ್ಯಾವ್ ಸಾನ್‌ಮೇ ಕೊಯ್ದು ನೋಡಿದ ಸುಟ್ಟ ಹತ್ತಿ

ಲ್ಯಾವ್ ಸಾನ್‌ಮೇ ಕಟುಕನ ಮಗಳು. ಗ್ವಾಂಗ್‌ಶಿ ಪ್ರಾಂತ್ಯದ ಗುಡ್ಡದೂರಿನಲ್ಲಿ ಹದಿನಾಲ್ಕನೇ ವಯಸ್ಸಿಗೇ ಒಬ್ಬಳೇ ಹಂದಿ ಕೊಯ್ಯುತ್ತಿದ್ದಳಂತೆ. ಮದುವೆಯಾದ ನಾಲ್ಕನೇ ವರ್ಷ ಗಂಡ ಕುಡಿದು ಬಂದು ಇಟ್ಟಿಗೆಯಿಂದ ಅವಳ ಹಣೆ ಒಡೆದ. ಅವಳು ನೀರು ಹೊರುವ ಬಿದಿರಿನ ಅಡ್ಡೆ ತೆಗೆದುಕೊಂಡು ಅವನ ಹೆಗಲ ಮೂಳೆ ಮುರಿದಳು. ಮಗಳನ್ನು ತಾಯಿಯ ಹತ್ತಿರ ಬಿಟ್ಟು ಶೆನ್‌ಜೆನ್ ಬಸ್ಸು ಹತ್ತಿದಳು. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಊಟದ ಡಬ್ಬಿಯಲ್ಲಿ ಉಪ್ಪುಮೀನಿನ ಮುಳ್ಳು ಬಿಡಿಸುತ್ತ, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ.

ಶೆನ್‌ಜೆನ್‌ನ ಅಂಚಿನ ಶಾಜಿಂಗ್‌ನಲ್ಲಿ ನಮ್ಮದು ನಾಲ್ಕನೇ ಮಹಡಿಯ ಸಣ್ಣ ಕಾರ್ಖಾನೆ. ಇ-ಸಿಗರೇಟಿನೊಳಗೆ ನಿಕೋಟಿನ್ ರಸವನ್ನು ಕಾಯಿಸಿ ಹೊಗೆ ಮಾಡುವ ಆಟಮೈಜರ್ ಮಾಡುತ್ತಿದ್ದೆವು. ದೊಡ್ಡ ಕಂಪನಿಗಳ ಹೆಸರು ಹೊತ್ತು ಹೋಗುವ ಮಾಲು. ಕಿರುಬೆರಳಿನ ಗೆಣ್ಣಿಗಿಂತ ಚಿಕ್ಕ ವಸ್ತು ಅದು. ತಂತಿಯ ಸುರುಳಿಗೆ ಹತ್ತಿ ಸುತ್ತಿ, ತೂತಿರುವ ಲೋಹದ ಕೊಳವೆಯೊಳಗೆ ತುರುಕಿ, ತಂತಿಯ ಎರಡು ಕಾಲುಗಳನ್ನು ರಬ್ಬರ್ ಉಂಗುರದ ಒಳಗೊಂದು ಹೊರಗೊಂದು ಸಿಕ್ಕಿಸಿ, ಕೈ ಪ್ರೆಸ್ಸಿನಲ್ಲಿ ತಳದ ಮೊಳೆ ಒತ್ತಿದರೆ ಆಯಿತು. ಆಮೇಲೆ ಅದಕ್ಕೆ ರಸ ತುಂಬಬೇಕು. ಹತ್ತಿ ರಸ ಕುಡಿಯುವ ತನಕ ಕಾಯಬೇಕು. ಕೊನೆಗೆ ನನ್ನ ಯಂತ್ರ. ಅದು ಮನುಷ್ಯ ಎಳೆದ ಹಾಗೆ ದಮ್ಮು ಎಳೆಯುತ್ತದೆ, ಸುರುಳಿ ಕಾಯುತ್ತದೆ, ಹೊಗೆ ಬರುತ್ತದೆ. ಬಂದರೆ ಪಾಸು.

ಸಾನ್‌ಮೇಯದು ಕೆಟ್ಟು ವಾಪಸು ಬಂದವನ್ನು ಕೊಯ್ದು ನೋಡುವ ಮೇಜು. ಇಕ್ಕಳದಿಂದ ಕೊಳವೆ ಸೀಳಿ, ಚಿಮಟಿಯಿಂದ ಹತ್ತಿ ಎತ್ತಿ ಹಿಡಿದರೆ ಸಾಕು, ಏನಾಗಿದೆ ಎಂದು ಹೇಳಿಬಿಡುತ್ತಿದ್ದಳು. ಇದರ ಉಂಗುರ ಸೊಟ್ಟ, ಅದಕ್ಕೇ ಸೋರಿದೆ. ಇದರ ಕಾಲು ಸಡಿಲ, ಕರೆಂಟೇ ಹತ್ತಿಲ್ಲ. ಇದರ ಸುತ್ತುಗಳು ಒಂದು ಕಡೆ ಮುದ್ದೆಯಾಗಿ ಅಲ್ಲಿ ಮಾತ್ರ ಕೆಂಡವಾಗಿದೆ. ಇದರ ರಸದಲ್ಲಿ ಸಿಹಿ ಹೆಚ್ಚು, ತಂತಿಯ ಮೇಲೆ ಕರಿ ಕಟ್ಟಿದೆ. ಯಾರ ಕೈಯ ತಪ್ಪು ಎಂದು ಮಾತ್ರ ಅವಳು ಎಂದೂ ಹೇಳುತ್ತಿರಲಿಲ್ಲ. ಹೇಳಿದರೆ ತಪ್ಪು ಮಾಡಿದವರನ್ನು ಪಾಂಗ್ ಹೊಡೆಯುತ್ತಿದ್ದ.

ಪಾಂಗ್ ನಮ್ಮ ಮೇಸ್ತ್ರಿ, ಯಜಮಾನ ಕ್ವಾಂಗ್‌ನ ಹೆಂಡತಿಯ ತಮ್ಮ. ಅವನ ಕೈಯಲ್ಲಿ ಯಾವಾಗಲೂ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತಿತ್ತು. ತಪ್ಪಾದರೆ ಬೆರಳಿನ ಗೆಣ್ಣಿಗೆ, ಎದುರು ಮಾತಾಡಿದರೆ ಬಾಯಿಗೆ. ಒಬ್ಬನ ಮುಂದಿನ ಹಲ್ಲು ಹೋಗಿತ್ತು. ದೂರು ಕೊಟ್ಟ ಒಬ್ಬಳನ್ನು ಮೆಟ್ಟಿಲಿನಿಂದ ತಳ್ಳಿದ್ದ. ಆಮೇಲೆ ಯಾರೂ ದೂರು ಕೊಡಲಿಲ್ಲ.

ಆ ವರ್ಷದ ಬೇಸಗೆಯಲ್ಲಿ ಮಾಲು ಪೆಟ್ಟಿಗೆಗಟ್ಟಲೆ ವಾಪಸು ಬಂತು. ಎಲ್ಲದಕ್ಕೂ ಒಂದೇ ದೂರು: ಮೊದಲ ದಮ್ಮಿಗೇ ಸುಟ್ಟ ವಾಸನೆ, ಗಂಟಲು ಉರಿ. ಪಾಂಗ್ ಅದನ್ನು ಹತ್ತಿ ತುರುಕುವ, ಯಾವ್ ಎಂಬ ಹೆಸರಿನ ಅಕ್ಕನ ತಲೆಗೆ ಕಟ್ಟಿದ. ಯಾವ್ ಅಕ್ಕ ಐವತ್ತು ದಾಟಿದ ಸಿಚುವಾನಿನ ಹೆಂಗಸು, ದನಿ ಎತ್ತಿ ಮಾತಾಡಿದವಳಲ್ಲ. ಹತ್ತಿ ಬಿಗಿಯಾಗಿ ತುರುಕಿದರೆ ರಸ ಒಳಗೆ ಏರುವುದಿಲ್ಲ, ಒಣಹತ್ತಿ ಸುಡುತ್ತದೆ, ಅದು ನಿಜ. ಆದರೆ ಆ ಹೆಂಗಸಿನ ಕೈ ತಪ್ಪಿದ್ದನ್ನು ನಾವು ನೋಡಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅವನು ವಾಪಸು ಬಂದ ಮಾಲಿನಿಂದ ಮೂವತ್ತು ಎಣಿಸಿ, ಒಂದು ಬ್ಯಾಟರಿಯ ಜೊತೆ ಅವಳ ಮುಂದೆ ಸುರಿದ. ಅವಳ ತುರುಬನ್ನು ಕೈಗೆ ಸುತ್ತಿಕೊಂಡು ತಲೆ ಹಿಂದಕ್ಕೆ ಎಳೆದ. "ನೀನೇ ಮಾಡಿದ್ದಲ್ವಾ? ನೀನೇ ಸೇದು. ಒಂದೊಂದಾಗಿ ಸೇದು" ಎಂದ.

ಐದನೆಯದಕ್ಕೆ ಅವಳ ಕಣ್ಣಲ್ಲಿ ನೀರು ಸುರಿಯಿತು. ಹತ್ತನೆಯದಕ್ಕೆ ಕೆಮ್ಮು ಹಿಡಿದು ಮುಖ ನೀಲಿಯಾಯಿತು. ಅವನು ಪಟ್ಟಿಯಿಂದ ಬಾಯಿ ತೆರೆಸಿ ಮತ್ತೊಂದು ಇಟ್ಟ. ಹದಿನಾರನೆಯದಕ್ಕೆ ಅವಳು ವಾಂತಿ ಮಾಡಿಕೊಂಡಳು, ಅದರಲ್ಲಿ ರಕ್ತದ ಎಳೆಗಳಿದ್ದವು. ಆಗ ಸಾನ್‌ಮೇ ಎದ್ದು ಬಂದು ಅವರಿಬ್ಬರ ನಡುವೆ ನಿಂತಳು. ಪಟ್ಟಿ ಅವಳ ಕೆನ್ನೆಗೆ ಬಿತ್ತು. ಅವಳು ಅಲ್ಲಾಡಲಿಲ್ಲ. ಉಳಿದ ನಾವು ಇಪ್ಪತ್ತೈದು ಜನ ತಲೆ ತಗ್ಗಿಸಿ ಕುಳಿತಿದ್ದೆವು.

ನಾನು ತಲೆ ತಗ್ಗಿಸಲು ಬೇರೆ ಕಾರಣವೂ ಇತ್ತು. ಆ ಸುಟ್ಟ ವಾಸನೆ ತಿಂಗಳ ಹಿಂದೆಯೇ ನನ್ನ ಯಂತ್ರದ ಬಳಿ ನನ್ನ ಮೂಗಿಗೆ ಬಡಿದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಸಾನ್‌ಮೇ ಊಟಕ್ಕೂ ಏಳದೆ ನಲವತ್ತು ಆಟಮೈಜರ್ ಸೀಳಿದಳು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಸಂಜೆ ನನ್ನ ಬಳಿ ಬಂದು ಅಂಗೈ ಬಿಚ್ಚಿದಳು. ಹತ್ತಿಯ ಹೊರಮೈ ಬೆಳ್ಳಗೆ, ರಸ ಕುಡಿದು ಮೆತ್ತಗೆ ಇತ್ತು. ತಂತಿಗೆ ತಾಗುವ ಒಳಮೈಯಲ್ಲಿ ಮಾತ್ರ ಕಂದು ಬಣ್ಣದ ತೆಳು ಪೊರೆ.

"ಶ್ಯೋಂಗ್ ಅಣ್ಣ, ಬಿಗಿಯಾಗಿದ್ರೆ ಒಳಗೆಲ್ಲ ಒಣಗಿರಬೇಕಿತ್ತು. ಇದು ರಸ ಬರೋಕ್ಮುಂಚೆ ಸುಟ್ಟಿರೋದು. ಗಿರಾಕಿ ಕೈಗೆ ಹೋಗೋಕ್ಮುಂಚೇನೇ. ನಿನ್ನ ಯಂತ್ರದಲ್ಲಿ."

ನಾನು ಒಪ್ಪಿಕೊಂಡೆ. ಮೊದಲೆಲ್ಲ ರಸ ತುಂಬಿದ ಮೇಲೆ ತಟ್ಟೆಗಳನ್ನು ಕಾಲು ಗಂಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಿದ್ದೆವು. ದಿನದ ಲೆಕ್ಕ ಏರಲಿ ಎಂದು ಪಾಂಗ್ ಆ ಸ್ಟ್ಯಾಂಡುಗಳನ್ನೇ ತೆಗೆಸಿಬಿಟ್ಟಿದ್ದ. ಹತ್ತಿ ಇನ್ನೂ ಬಾಯಾರಿರುವಾಗಲೇ ಯಂತ್ರ ಅದಕ್ಕೆ ಬೆಂಕಿ ಹಚ್ಚುತ್ತಿತ್ತು. ಒಮ್ಮೆ ಸುಟ್ಟ ಹತ್ತಿ ಆಮೇಲೆ ಎಷ್ಟು ರಸದಲ್ಲಿ ಮುಳುಗಿದರೂ ಸರಿಯಾಗಿ ಕುಡಿಯುವುದಿಲ್ಲ. ಹೀಗೆ ಸತ್ತದ್ದರ ಮೇಲೆ ನಾವೇ ಪಾಸು ಎಂದು ಚೀಟಿ ಅಂಟಿಸಿ ಕಳಿಸುತ್ತಿದ್ದೆವು.

ಮೂರನೇ ದಿನ ಮಾಲು ಕೊಳ್ಳುವವರ ಕಡೆಯ ಇನ್‌ಸ್ಪೆಕ್ಟರ್ ಬಂದ. ಪಾಂಗ್ ಅವನಿಗೆ ಯಾವ್ ಅಕ್ಕನನ್ನು ತೋರಿಸಿ, ಈ ಮುದುಕಿಯನ್ನು ಇವತ್ತೇ ಓಡಿಸುತ್ತೇನೆ ಎಂದು ನಗುತ್ತಿದ್ದ. ಸಾನ್‌ಮೇ ಯಾರನ್ನೂ ಕೇಳದೆ ಯಾವ್ ಅಕ್ಕ ಹೊಸದಾಗಿ ಹತ್ತಿ ತುರುಕಿದ ನಲವತ್ತು ಆಟಮೈಜರ್ ತಂದಳು. ಇಪ್ಪತ್ತನ್ನು ರಸ ತುಂಬಿದ ಕೂಡಲೇ ನನ್ನ ಯಂತ್ರಕ್ಕೆ ಹಾಕಿಸಿದಳು. ಇಪ್ಪತ್ತನ್ನು ಕಾಲು ಗಂಟೆ ನಿಲ್ಲಿಸಿ ಹಾಕಿಸಿದಳು. ಎಲ್ಲವನ್ನೂ ಇನ್‌ಸ್ಪೆಕ್ಟರನ ಕಣ್ಣೆದುರೇ ಸೀಳಿದಳು. ಮೊದಲ ಇಪ್ಪತ್ತರಲ್ಲಿ ಹದಿನೇಳು ಸುಟ್ಟಿದ್ದವು. ನಿಲ್ಲಿಸಿದ್ದರಲ್ಲಿ ಒಂದೂ ಇಲ್ಲ. ಇನ್‌ಸ್ಪೆಕ್ಟರ್ ಫೋಟೋ ತೆಗೆದುಕೊಂಡು, ಚಹಾ ಕೂಡ ಮುಟ್ಟದೆ ಹೊರಟುಹೋದ.

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಪಾಂಗ್ ಮೆಟ್ಟಿಲ ಕಡೆಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿದ. ಸಾನ್‌ಮೇಯ ಎಡಗೈ ಹಿಡಿದು ದರದರ ಎಳೆದುಕೊಂಡು ಹೋಗಿ ಕೈ ಪ್ರೆಸ್ಸಿನ ಅಡಿಗೆ ಇಟ್ಟ. "ಕೊಯ್ಯೋ ಕೈ ಇದೇ ಅಲ್ವಾ?" ಎಂದು ಕೇಳಿ ಹಿಡಿಯ ಮೇಲೆ ಮೈಭಾರ ಬಿಟ್ಟ. ಮೂಳೆ ಒಡೆದ ಸದ್ದು ನನ್ನ ಮೇಜಿನ ತನಕ ಕೇಳಿತು. ಅವನು ಹಿಡಿಯನ್ನು ಎತ್ತಿ ಎರಡನೇ ಸಲ ಇಳಿಸಿದ.

ಅವನಿಗೆ ಗೊತ್ತಿರಲಿಲ್ಲ, ಅವಳು ಕೊಯ್ಯುವುದು ಬಲಗೈಯಲ್ಲಿ. ಆ ಕೈ ಏಪ್ರನ್ನಿನ ಜೇಬಿನಿಂದ ಚಿಮಟಿ ತೆಗೆದು ಅವನ ಕೆನ್ನೆಗೆ ಚುಚ್ಚಿತು. ಚಿಮಟಿ ಹಲ್ಲಿಗೆ ತಾಗಿ ಬಾಗಿತು. ಅವನು ಕೈ ಬಿಟ್ಟು ಹಿಂದಕ್ಕೆ ಬಿದ್ದ. ಅವಳು ಅವನ ಎದೆಯ ಮೇಲೆ ಮಂಡಿ ಊರಿ, ಅದೇ ಜೇಬಿನಲ್ಲಿದ್ದ ಹತ್ತಿ ಕತ್ತರಿಸುವ ಬ್ಲೇಡನ್ನು ಅವನ ಗಂಟಲಿನ ಪಕ್ಕಕ್ಕೆ ಇಟ್ಟಳು. ಜಜ್ಜಿದ ಎಡಗೈಯ ರಕ್ತ ಅವನ ಕಣ್ಣಿಗೆ ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಒಂದು ಬೆರಳಗಲ ಸಾಕು. ಸದ್ದೂ ಬರಲ್ಲ, ಆಮೆ ಮೊಟ್ಟೆ" ಎಂದಳು, ಮೆಲ್ಲಗೆ. ಹುಟ್ಟಿದ ಮೂಲ ಗೊತ್ತಿಲ್ಲದವನಿಗೆ ನಮ್ಮಲ್ಲಿ ಬಯ್ಯುವ ಮಾತು ಅದು.

ಪಾಂಗ್ ಉಚ್ಚೆ ಹೊಯ್ದುಕೊಂಡ. ಅವಳ ಕೈ ಮೇಲಕ್ಕೆ ಸರಿಯಿತು. ಅವನ ಕಿವಿಯ ತುದಿ ತುಂಡಾಗಿ ನೆಲಕ್ಕೆ ಬಿದ್ದಿತು. ಆಮೇಲೆ ಅವಳು ಎದ್ದು ಬ್ಲೇಡನ್ನು ಮೇಜಿನ ಮೇಲಿಟ್ಟು, ಪೊಲೀಸರಿಗೆ ತಾನೇ ಫೋನ್ ಮಾಡಿದಳು.

ಯಜಮಾನ ಕ್ವಾಂಗ್ ಪೊಲೀಸರಿಗಿಂತ ಮೊದಲು ಬಂದ. ಪ್ರೆಸ್ಸಿನ ಹಿಡಿ ಜಾರಿ ಕೈ ಸಿಕ್ಕಿತು, ಹುಚ್ಚಿನ ಸಿಟ್ಟಿನಲ್ಲಿ ಅವಳು ಮೇಸ್ತ್ರಿಯನ್ನು ಕೊಯ್ದಳು ಎಂದು ಬರೆಸಿದ ಕಾಗದಕ್ಕೆ ನಮ್ಮಿಂದ ಸಹಿ ಹಾಕಿಸಿದ. ಇಪ್ಪತ್ತಾರು ಜನರಲ್ಲಿ ಇಪ್ಪತ್ತೈದು ಜನ ಹಾಕಿದೆವು. ಯಾವ್ ಅಕ್ಕ ಒಬ್ಬಳು ಹಾಕಲಿಲ್ಲ. ಅವಳಿಗೆ ದನಿ ಹೊರಡುತ್ತಿರಲಿಲ್ಲ, ತಲೆ ಅಲ್ಲಾಡಿಸಿ ಪೆನ್ನು ಕೆಳಗಿಟ್ಟಳು.

ಆಸ್ಪತ್ರೆಯಲ್ಲಿ ಸಾನ್‌ಮೇಯ ಎರಡು ಬೆರಳು ತೆಗೆದರು. ಬಾಗಿಲಲ್ಲಿ ಪೊಲೀಸ್ ಕುಳಿತಿದ್ದ. ನಾನು ಗಂಜಿ ತೆಗೆದುಕೊಂಡು ಹೋದೆ. ಅವಳು ಒಳ್ಳೆಯ ಕೈಯಿಂದ ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಟ್ಟಳು, ಅದೇ ಕೈಯಿಂದ ನನ್ನ ಕೆನ್ನೆಗೆ ಬಾರಿಸಿದಳು. ನನ್ನ ಕಿವಿ ಗುಂಯ್ ಎಂದಿತು.

"ಪಾಂಗ್ ಪ್ರಾಣಿ. ಅವನ ಬುದ್ಧೀನೇ ಅದು" ಎಂದಳು. "ನೀನು ಮನುಷ್ಯ ಅಂದ್ಕೊಂಡಿದ್ದೆ. ವಾಸನೆ ಬಂದಾಗ್ಲೂ ಸುಮ್ನಿದ್ದೆ, ಈಗ್ಲೂ ಸುಮ್ನೆ ಸಹಿ ಹಾಕ್ದೆ. ಯಾವ್ ಅಕ್ಕನ ಗಂಟಲು ಸುಟ್ಟಿದ್ದು ಯಾರು ಅಂತ ಮನೇಗ್ ಹೋಗಿ ಯೋಚ್ನೆ ಮಾಡು."

ಮನೆಗೆ ಹೋಗುವ ತನಕ ನನಗೆ ಕಾಯಲಾಗಲಿಲ್ಲ. ನೇರವಾಗಿ ಠಾಣೆಗೆ ನಡೆದು, ಮೊದಲಿನದು ಸುಳ್ಳು ಎಂದು ಹೇಳಿ ಎಲ್ಲವನ್ನೂ ಬರೆಸಿದೆ. ಮರುದಿನ ಕ್ವಾಂಗ್‌ನ ಜನ ಇಬ್ಬರು ನನ್ನನ್ನು ಗಲ್ಲಿಯಲ್ಲಿ ಅಡ್ಡಗಟ್ಟಿ ಎರಡು ಪಕ್ಕೆಲುಬು ಮುರಿದರು. ಅದನ್ನೂ ಹೋಗಿ ಬರೆಸಿದೆ. ಆಮೇಲೆ ಹೇಳಿಕೆ ಬರೆಸಲು ಹಲ್ಲು ಹೋದವನು ಠಾಣೆಗೆ ಬಂದ, ಮೆಟ್ಟಿಲಿನಿಂದ ಬಿದ್ದವಳು ಬಂದಳು. ಪಾಂಗ್‌ಗೆ ಒಂದೂವರೆ ವರ್ಷ ಜೈಲಾಯಿತು. ಸಾನ್‌ಮೇ ಕಿವಿ ಕತ್ತರಿಸಿದ್ದಕ್ಕೆ ಹತ್ತು ದಿನ ಕಂಬಿ ಎಣಿಸಿದಳು. ಕ್ವಾಂಗ್ ಯಂತ್ರಗಳನ್ನು ಮಾರಿ ಬೇರೆ ಊರಿಗೆ ಹೋದ.

ಈಗ ಸಾನ್‌ಮೇ ಡಾಂಗ್‌ಗ್ವಾನ್‌ನಲ್ಲಿದ್ದಾಳೆ. ಉಬ್ಬಸದವರಿಗೆ ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರದ ಕಾರ್ಖಾನೆಯಲ್ಲಿ, ಕೆಟ್ಟವನ್ನು ಬಿಚ್ಚಿ ನೋಡುವ ಕೆಲಸ. ಎಡಗೈಯ ಮೂರು ಬೆರಳಿನಲ್ಲಿ ಹಿಡಿದು ಬಿಚ್ಚುವುದನ್ನು ಕಲಿತಿದ್ದಾಳೆ. ಮಗಳನ್ನೂ ಕರೆಸಿಕೊಂಡಿದ್ದಾಳೆ. ನಾನೂ ಅದೇ ಊರಿನಲ್ಲಿ ಮನೆಮನೆಗೆ ನೀರಿನ ಕ್ಯಾನು ಹೊರುತ್ತೇನೆ. ಹೋದ ತಿಂಗಳು ಅಕ್ಕಿ ಶಾವಿಗೆಯ ಅಂಗಡಿಯಲ್ಲಿ ಎದುರಾದಳು. ಎದುರಿನ ಕುರ್ಚಿ ಎಳೆದು ಕುಳಿತು, ನಾನು ಯಾವ್ ಅಕ್ಕನ ಜೊತೆ ಮಾತಾಡಿದ್ದೇನಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟು ತನ್ನ ಬಟ್ಟಲಿಗೆ ಬಾಗಿದಳು.

ಆ ಕಡೆಯಿಂದ ಗೊಗ್ಗರು ದನಿಯೊಂದು ಯಾರು ಎಂದು ಕೇಳಿತು. ನಾನು ನನ್ನ ಹೆಸರು ಹೇಳಿದೆ.