ಎಡಗಡೆಯ ಫುಟ್‌ರೆಸ್ಟ್

ಹೋದ ವಾರ ಸುಂಕದಕಟ್ಟೆ ಹತ್ತಿರ ಆಟೋ ಒಂದು ಒತ್ತಿಕೊಂಡು ಬಂದು ನನ್ನ ಸ್ಕೂಟರಿನ ಲೇಡೀಸ್ ಫುಟ್‌ರೆಸ್ಟ್ ಮುರಿದುಹಾಕಿತು. ಅದೇ, ಸೀರೆ ಉಟ್ಟವರು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವಾಗ ಪಾದ ಊರಲು ಎಡಗಡೆ ಇರುತ್ತದಲ್ಲ, ಅದು.

ನನಗೇನೂ ಆಗಲಿಲ್ಲ. ಗಾಡಿಯೂ ಓಡುತ್ತಿದೆ. ಹಿಂದೆ ಕೂರುವವರಂತೂ ಇಲ್ಲ. ನನ್ನ ಹೆಂಡತಿ ಸರೋಜಾ ತೀರಿಕೊಂಡು ವರ್ಷವಾಗುತ್ತಾ ಬಂತು.

ಕೆಂಗೇರಿಯಲ್ಲಿರುವ ಮಗಳು ಫೋನಿನಲ್ಲಿ ಹೇಳಿದಳು: "ಬಿಚ್ಚಿ ಬಿಸಾಕಪ್ಪ. ಅಲ್ಲಿ ಯಾರ್ ಕೂರ್ತಾರೆ?"

ಸರಿಯೇ. ಯಾರೂ ಕೂರುವುದಿಲ್ಲ. ಆದರೆ ಸರೋಜಾಳ ಜಾಗವನ್ನು ನಾನೇ ಕೈಯಾರೆ ತೆಗೆದುಹಾಕಲೇ? ಮನಸ್ಸು ಬರಲಿಲ್ಲ.

ವಿಜಯನಗರದಲ್ಲಿ ಅಂಗಡಿ ಅಂಗಡಿ ಅಲೆದೆ. "ಈ ಮಾಡೆಲ್ ನಿಂತೋಯ್ತು ಸಾರ್" ಅಂದರು. (ಗೊತ್ತು ಸ್ವಾಮಿ. ಈ ಗಾಡಿ ಹೊಸದಿದ್ದಾಗ ನನಗೂ ತಲೆತುಂಬ ಕೂದಲಿತ್ತು.) ಕೊನೆಗೆ ಬಾಪೂಜಿ ನಗರದ ಮೆಕ್ಯಾನಿಕ್ ಒಬ್ಬ ಧೈರ್ಯ ಕೊಟ್ಟ.

"ಬೇರೆ ಕಂಪ್ನಿದು ಹಾಕ್ಬೋದು ಸಾರ್. ತೂತು ಸ್ವಲ್ಪ ಅಗಲ ಮಾಡಿದ್ರೆ ಕೂರುತ್ತೆ. ಈಗ ಎಲ್ಲಾ ಹಂಗೇ. ಅದ್ರದ್ದು ಇದಕ್ಕೆ, ಇದ್ರದ್ದು ಅದಕ್ಕೆ."

ಅವನು ಕೆಲಸ ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತಿದ್ದೆ. ನನ್ನ ಸಂಸಾರವೂ ಹೀಗೇ ಅಲ್ಲವೇ ನಡೆಯುತ್ತಿರುವುದು? ಊಟಕ್ಕೆ ಮೆಸ್ಸಿನ ಕ್ಯಾರಿಯರ್. ಬಿ.ಪಿ. ಮಾತ್ರೆ ನೆನಪಿಸಲು ಮೊಬೈಲ್ ಅಲಾರಂ. ಸಂಜೆ ಮಾತಿಗೆ ಪಾರ್ಕಿನ ಬೆಂಚು (ಅಲ್ಲಿ ರಾಜಕೀಯ ಬಿಟ್ಟರೆ ಮಂಡಿನೋವು, ಮೂರನೆಯ ಸಬ್ಜೆಕ್ಟ್ ಇಲ್ಲ). ಎಲ್ಲವೂ ಬೇರೆ ಮಾಡೆಲ್ಲಿನ ಪಾರ್ಟು. ಗಾಡಿ ಓಡುತ್ತದೆ, ಇಲ್ಲವೆನ್ನಲಾರೆ.

ಆದರೆ ಸಿಗ್ನಲ್ಲಿನಲ್ಲಿ ನಾನು ಎಲ್ಲೋ ನೋಡುತ್ತಾ ನಿಂತಾಗ "ರೀ, ಗ್ರೀನ್ ಬಂತು" ಎಂದು ಬೆನ್ನು ತಟ್ಟುತ್ತಿದ್ದಳಲ್ಲ, ಅದಕ್ಕೆ ಯಾವ ಕಂಪನಿಯದು ಹೊಂದುತ್ತದೆ? ಈಗ ಹಿಂದಿನವರ ಹಾರನ್ನೇ ನನಗೆ ಗತಿ. ಎಷ್ಟು ಜನರ ನಡುವೆ ಎಷ್ಟು ಒಂಟಿಯಾಗಿದ್ದೇನೆ ಎಂದು ಆಗ ಗೊತ್ತಾಗುತ್ತದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಎದ್ದ. "ಕೂತ್ಕೊಳ್ತು ಸಾರ್. ಆದ್ರೆ ಬೋಲ್ಟ್ ಪೂರ್ತಿ ಟೈಟ್ ಮಾಡಿಲ್ಲ. ಇದು ಬೇರೆ ಗಾಡೀದಲ್ವಾ, ಹೈಟ್ ವ್ಯತ್ಯಾಸ ಬರುತ್ತೆ. ಮೇಡಮ್‌ನ ಒಂದ್ಸಲ ಕರ್ಕೊಂಡ್ ಬನ್ನಿ. ಅವ್ರು ಕೂತು ಕಾಲಿಟ್ರೆ ನೋಡಿ ಫಿಕ್ಸ್ ಮಾಡ್ಬಿಡ್ತೀನಿ."

ಅವನಿಗೆ ಹೇಗೆ ಗೊತ್ತಾಗಬೇಕು ಪಾಪ.

"ಊರಿಗೆ ಹೋಗಿದಾಳೆ. ಬಂದ್ಮೇಲೆ ಬರ್ತೀನಿ" ಅಂದುಬಿಟ್ಟೆ.

ಈಗ ಹಂಪ್ ಹತ್ತಿಳಿದಾಗಲೆಲ್ಲ ಆ ಫುಟ್‌ರೆಸ್ಟ್ ಗಡಗಡ ಅನ್ನುತ್ತದೆ. ಬಿಗಿ ಮಾಡಿಸಬೇಕು, ನಿಜ. ಯಾರನ್ನು ಕೂರಿಸಿಕೊಂಡು ಹೋಗಲಿ, ನೀವೇ ಹೇಳಿ?