ಕೋಲಿನಾಚೆಯ ಬೆಳಚು

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಕರಾವಳಿಗೆ ಹೊರಟವಳನ್ನು ನೋಡಿ ಧಾರವಾಡದ ನಮ್ಮ ಓಣಿಯವರು ನಕ್ಕರು. "ಮಂದಿ ಮಳಿಗಾಲ ಮುಗದ ಮ್ಯಾಲೆ ಹೋಗ್ತಾರ, ನೀ ನೋಡಿದ್ರ ಬೆವರ ಸುರಸಾಕ ಹೊಂಟಿಯಲ್ಲ" ಅಂದಳು ಪಕ್ಕದ ಮನೆಯ ಶಾಂತವ್ವ. ನಾನು ಪತ್ರಿಕೆಯ ಭಾನುವಾರದ ಪುರವಣಿಗೆ ಊರೂರು ತಿರುಗಿ ಬರೆಯುವವಳು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿನಲ್ಲಿ ಹೊಳೆ, ಅಳಿವೆ ಉಳಿಸಬೇಕೆಂದು ಓಡಾಡುವ ಒಂದು ಸಣ್ಣ ಸಂಸ್ಥೆಯ ಜನರನ್ನು ಕಂಡು ಬರುವುದು ಈ ಸಲದ ಕೆಲಸ. ಅದು ಸಂಪಾದಕರಿಗೆ ಹೇಳಿದ ಕಾರಣ. ನನ್ನ ನಾಲಿಗೆಗೆ ಬೇರೆಯೇ ಕಾರಣವಿತ್ತು.

ಚಿಕ್ಕವಳಿದ್ದಾಗ ಅಪ್ಪನಿಗೆ ಕೆಲವು ವರ್ಷ ಕುಮಟೆಗೆ ವರ್ಗವಾಗಿತ್ತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಆದರೆ ನೆರೆಮನೆಯ ಅಜ್ಜಿ ಬೆಳಚಿನ ಸುಕ್ಕ ಮಾಡಿದ ದಿನ ನನ್ನನ್ನು ಹಿತ್ತಲಿನಿಂದ ಕರೆಯುತ್ತಿದ್ದಳು. ಬೆಳಚು ಅಂದರೆ ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪು. ಒಳಗೆ ಬೆರಳ ತುದಿಯಷ್ಟು ಮಾಂಸ, ಮೇಲೆ ತೆಂಗಿನಕಾಯಿ ಮಸಾಲೆ. ಆ ರುಚಿ ಇನ್ನೂ ಬಾಯಲ್ಲಿ ಕೂತಿದೆ. ಊಟದ ವಿಷಯದಲ್ಲಿ ನಾನು ಯಾವತ್ತೂ ಸಂಕೋಚದವಳಲ್ಲ, ಓದುವವರಿಗೆ ಗೊತ್ತಿದ್ದದ್ದೇ.

ಹುಬ್ಬಳ್ಳಿಯಲ್ಲಿ ಭಟ್ಕಳದ ಸರಕಾರಿ ಬಸ್ಸು ಹತ್ತಿ ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಘಟ್ಟ ಇಳಿಯುತ್ತಲೇ ಗಾಳಿ ಒದ್ದೆಯಾಯಿತು. ಅಂಕೋಲೆಯಲ್ಲಿ ಇಪ್ಪತ್ತು ರೂಪಾಯಿಗೆ ಮುಳ್ಳುಸೌತೆ ತಿಂದೆ. ಸಂಜೆ ಭಟ್ಕಳದಲ್ಲಿ ಇಳಿದಾಗ ಸೀರೆ ಬೆನ್ನಿಗೆ ಅಂಟಿತ್ತು.

ಸಂಸ್ಥೆಯ ಕಚೇರಿ ಹುಡುಕಿದರೆ ಸಿಕ್ಕಿದ್ದು ಫ್ಯಾನು, ಮಿಕ್ಸಿ ಮಾರುವ ಅಂಗಡಿ. ಮಾಲೀಕರು ಇರ್ಫಾನ್ ಸಾಹೇಬರು, ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಎರಡು ಕುರ್ಚಿ. ಅದೇ ಕಚೇರಿ. ಮರುದಿನ ಬೆಳಿಗ್ಗೆ ಅವರು ಸ್ಕೂಟರಿನಲ್ಲಿ ನನ್ನನ್ನು ಮುಟ್ಟಳ್ಳಿಗೆ ಕರೆದೊಯ್ದರು. ಗದ್ದೆ, ತೆಂಗು, ಮಧ್ಯೆ ಒಂದು ಹಳ್ಳ. ಒಂದು ಕಾಲದಲ್ಲಿ ಕಸ ತುಂಬಿ ನೀರೇ ಕಾಣುತ್ತಿರಲಿಲ್ಲವಂತೆ. ಈಗ ಹೆಂಗಸೊಬ್ಬಳು ಅದರಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಮೊದಲು ನಮ್ಮನ್ನು ಯಾರೂ ನಂಬ್ಲಿಲ್ಲ ಮೇಡಂ. ಫೋಟೋ ತೆಗ್ಸಿಕೊಂಡು ಹೋಗೋರು ಅಂದ್ಕೊಂಡ್ರು. ನಮ್ಮ ಹತ್ರ ಜೀಪಿಲ್ಲ, ಬೋಟಿಲ್ಲ, ಸರಕಾರದ ಸಿಕ್ಕಾ ಇಲ್ಲ. ಇರೋದು ಮಾತೊಂದೇ" ಅಂದರು ಸಾಹೇಬರು. ಬರೆದುಕೊಂಡೆ. ಒಳ್ಳೆಯ ವಾಕ್ಯ, ಶೀರ್ಷಿಕೆಗೆ ಬಂದೀತು ಅನ್ನಿಸಿತು.

ಮಧ್ಯಾಹ್ನ ಅವರ ಮನೆಯಲ್ಲಿ ಈರುಳ್ಳಿ ಧಾರಾಳವಾಗಿ ಬಿದ್ದ ಭಟ್ಕಳದ ಬಿರಿಯಾನಿ. ಎರಡನೇ ಸಲ ಬಡಿಸಿಕೊಳ್ಳುತ್ತ ನಾನು, "ಇದೇನೋ ಆತು ಸಾಹೇಬ್ರ, ಆದ್ರ ಕುಮಟೆಗೆ ಹೋದಮ್ಯಾಲೆ ಬೆಳಚು ತಿನ್ನದೆ ನಾ ವಾಪಸ್ ಹೋಗಾಕಿ ಅಲ್ಲ" ಅಂದೆ. ಅವರು ಹೆಂಡತಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿದರು, ಆಕೆ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಈ ವರ್ಷ ಸ್ವಲ್ಪ ಕಷ್ಟ ಮೇಡಂ. ಸುಮಿತ್ರಾ ಮೇಡಂ ಹೇಳ್ತಾರೆ" ಅಂದರು.

ಸುಮಿತ್ರಾ ಹೊನ್ನಾವರದಲ್ಲಿ ಹೈಸ್ಕೂಲ್ ವಿಜ್ಞಾನದ ಶಿಕ್ಷಕಿ, ಸಂಸ್ಥೆಯ ಕಾರ್ಯದರ್ಶಿ. ಭಟ್ಕಳದಿಂದ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ. ನಿಲ್ದಾಣಕ್ಕೆ ಅವಳೇ ಬಂದಿದ್ದಳು. ಸಣ್ಣ ಆಕೃತಿ, ದೊಡ್ಡ ಕೊಡೆ, ಮಾತು ಕಡಿಮೆ. ಮೀನುಪೇಟೆಯ ಮೂಲಕ ನಡೆಸಿಕೊಂಡು ಹೋಗುವಾಗ ನಾನು ಬುಟ್ಟಿ ಬುಟ್ಟಿಯಲ್ಲೂ ಇಣುಕಿದೆ. ಬಂಗಡೆ ಇತ್ತು, ಸಿಗಡಿ ಇತ್ತು, ಬೆಳಚು ಇರಲಿಲ್ಲ.

ಯಾಕೆ ಎಂದು ಆಗ ಸುಮಿತ್ರಾ ಹೇಳಿದಳು. ಕೆಲವು ವರ್ಷಗಳಿಂದ ಬೆಳಚು ಕಮ್ಮಿಯಾಗುತ್ತ ಬಂದಿದೆ. ಬೆಳೆಯಲು ಬಿಡದೆ ಮರಿಗಳನ್ನೇ ಬಾಚಿದರೆ ಇನ್ನೇನಾಗುತ್ತದೆ? ಹಾಗಾಗಿ ಕುಮಟೆಯ ಹತ್ತಿರ ಅಘನಾಶಿನಿಯ ಅಳಿವೆಯಲ್ಲಿ ಒಂದು ಊರಿನ ಹೆಂಗಸರು ಹೊಳೆಯ ಒಂದು ಭಾಗಕ್ಕೆ ಬಿದಿರುಕೋಲು ನೆಟ್ಟಿದ್ದಾರೆ. ದೀಪಾವಳಿಯಿಂದ ಕೋಲಿನ ಒಳಗೆ ಯಾರೂ ಕೈ ಹಾಕಿಲ್ಲ. ಬರುವ ಹುಣ್ಣಿಮೆ ಕಳೆದ ಮೇಲೆ ಎಲ್ಲರೂ ಸೇರಿ ಕಾಯಿ ಒಡೆದು ಇಳಿಯುವುದು, ಆರಿಸಿದ್ದನ್ನು ಸಮ ಹಂಚಿಕೊಳ್ಳುವುದು. ಕಾವಲಿಲ್ಲ, ದಂಡವಿಲ್ಲ, ಕಾನೂನೂ ಇಲ್ಲ.

"ಇದೊಂದು ಹಣ್ಣಾದ್ರೆ ಶರಾವತಿಯವ್ರೂ ಮಾಡ್ತ್ರು" ಅಂದಳು. ಸಂಜೆ ಶರಾವತಿಯ ದಡದಲ್ಲಿ ಬೆಳಚು ಆರಿಸುವ ಹೆಂಗಸರನ್ನೂ ಕಂಡೆವು. ಅವರಲ್ಲಿ ಹಿರಿಯಳು ಎಲೆಅಡಿಕೆ ಉಗಿದು, "ಆ ಊರವ್ರದ್ದು ಮೊದ್ಲು ಆಗ್ಲಿ ಟೀಚರೆ. ಹುಣ್ಣಿಮೆ ಮಟ ತಡೀತ್ರಾ ನೋಡ್ವ" ಅಂದಳು. ಸುಮಿತ್ರಾ, "ತಡೀತ್ರು" ಅಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೂರನೆಯ ದಿನ ಕುಮಟೆ. ಎಂಟುನೂರು ರೂಪಾಯಿಯ ಲಾಡ್ಜಿನಲ್ಲಿ ಚೀಲ ಇಟ್ಟು ಆಟೋ ಹಿಡಿದೆವು. "ಧಾರವಾಡದಿಂದ ಬಂದವ್ರು ಓಂ ಬೀಚಿಗೆ ಹೋಗೂದು ಬಿಟ್ಟು ಕೆಸರು ನೋಡುಕೆ ಎಂತಕ್ಕೆ ಹೋಗ್ತ್ರಿ?" ಎಂದು ಆಟೋದವನು ಕೇಳಿದ. ಊರು ಮುಟ್ಟುವಾಗ ಇಳಿತ. ನೀರು ಹಿಂದೆ ಸರಿದು ಕೆಸರಿನ ದಿಣ್ಣೆ ಹೊಳೆಯುತ್ತಿತ್ತು. ದೂರದಲ್ಲಿ ಸಾಲಾಗಿ ಬಿದಿರುಕೋಲು, ತುದಿಗೆ ಕೆಂಪು ಬಟ್ಟೆಯ ಚೂರು.

ಅಲ್ಲಿ ಸಂಸ್ಥೆಯ ಆಸರೆ ಗಿರಿಜಕ್ಕ. ಬೆಳಚು ಆರಿಸಿಯೇ ಬಾಳಿದವಳು. ಊರಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದವಳೂ ಅವಳೇ. ಕೋಲಿನ ಹೊರಗೆ ಆರಿಸಿದ ಒಂದು ಹಿಡಿ ತೋರಿಸಿದಳು, ಹುಣಸೆಬೀಜದಷ್ಟು. ಒಳಗಿನವು ಹೇಗಿವೆ ಎಂದು ಕೇಳಿದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಹಳೆಯ ರೂಪಾಯಿಯಷ್ಟು ಅಗಲ ಮಾಡಿ ತೋರಿಸಿ ನಕ್ಕಳು. "ಮುಟ್ಟಿ ನೋಡ್ಲಿಲ್ಲ ಅಮ್ಮ. ಕಾಲಿಗೆ ಸಿಕ್ತದಲೆ, ಗೊತ್ತಾಗ್ತದೆ."

ಜಗುಲಿಯಲ್ಲಿ ಅವಲಕ್ಕಿ, ಚಹಾ. ಸುಮಿತ್ರಾ ಫೋನ್ ಬಂತೆಂದು ಅಂಗಳದಾಚೆ ಹೋದಳು. ಆಗ ನನ್ನ ಎಲುಬಿಲ್ಲದ ನಾಲಿಗೆ ಹೊರಳಿತು. ನೆರೆಮನೆಯ ಅಜ್ಜಿಯ ಕಥೆಯನ್ನೆಲ್ಲ ಹೇಳಿ, "ಏನ ಹೇಳ್ಲಿ ಗಿರಿಜಕ್ಕ, ಬೆಳಚು ತಿನ್ನದ ಹೋದ್ರ ಈ ಜೀವಕ್ಕ ಮೋಕ್ಷ ಇಲ್ಲ ನೋಡು" ಅಂದೆ. ತಮಾಷೆಗೆ ಅಂದೆ. ಅವಳು ನಗಲಿಲ್ಲ. ಹೊಳೆಯ ಕಡೆ ಒಮ್ಮೆ ನೋಡಿ, "ನಾಳೆ ಮಧ್ಯಾಹ್ನ ಊಟಕ್ಕೆ ಇಲ್ಲೇ ಬನ್ನಿ" ಅಂದಳು.

ನನಗೆ ಏನೂ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕಡೆ ಮನೆಗೆ ಬಂದವರು ಬಾಯಿಬಿಟ್ಟು ಬೇಡಿದ್ದನ್ನು ಇಲ್ಲ ಅನ್ನುವುದಿಲ್ಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಅದರ ಮೇಲೆ ನಾನು ಪೇಪರಿನವಳು, ನಾಲ್ಕು ಒಳ್ಳೆಯ ಮಾತು ಬರೆದರೆ ಊರಿಗೆ ಉಪಕಾರ ಎಂದು ಸುಮಿತ್ರಾಳೇ ಅವಳಿಗೆ ಹೇಳಿದ್ದಳು. "ಬ್ಯಾಡ ಗಿರಿಜಕ್ಕ, ಸುಮ್ನ ಅಂದೆ" ಎನ್ನಲು ಇಡೀ ಸಂಜೆ ಇತ್ತು. ಅನ್ನಲಿಲ್ಲ.

ಮರುದಿನ ಸುಮಿತ್ರಾ ಶಾಲೆಯ ಪರೀಕ್ಷೆ ಕೆಲಸ ಮುಗಿಸಿ ಹೊನ್ನಾವರದಿಂದ ಬರುವುದು ತಡವೆಂದು ನಾನೊಬ್ಬಳೇ ಹೋದೆ. ಚಾಪೆ ಹಾಸಿತ್ತು. ಕುಚ್ಚಲಕ್ಕಿ ಅನ್ನದ ಪಕ್ಕದಲ್ಲಿ ಬೆಳಚಿನ ಸುಕ್ಕ ಬಂತು. ಚಿಪ್ಪುಗಳು ಹಳೆಯ ರೂಪಾಯಿಯಷ್ಟು ಅಗಲ. ನೋಡಿದ ತಕ್ಷಣ ಕೈ ಹಿಂದೆ ಬರಬೇಕಿತ್ತು. ಬರಲಿಲ್ಲ. ಅಯ್ಯೋ, ಎಂಥ ರುಚಿ! ಒಂದೊಂದೇ ಚಿಪ್ಪು ಎತ್ತಿ ಮಸಾಲೆಯನ್ನು ಹೀರಿ ಹೀರಿ ತಿಂದೆ. ಇನ್ನೊಂದು ಸಲ ಬಡಿಸಿದಳು, ಬೇಡ ಅನ್ನಲಿಲ್ಲ. ಅವಳು ಮಾತ್ರ ತಿನ್ನಲಿಲ್ಲ. "ನಮ್ಮದು ದಿನಾ ಇದ್ದದ್ದೇ ಅಲ್ದಾ" ಅಂದಳು. ಆರು ತಿಂಗಳಿನಿಂದ ಅವಳ ಮನೆಯಲ್ಲಿ ಅಂಥದ್ದು ಬೆಂದಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸುಮಿತ್ರಾ ಬಂದಾಗ ನಾನಿನ್ನೂ ಬೆರಳು ನೆಕ್ಕುತ್ತಿದ್ದೆ. ಬಾಗಿಲಲ್ಲೇ ನಿಂತು ನನ್ನ ಬಟ್ಟಲು ನೋಡಿದಳು, ಚಿಪ್ಪಿನ ರಾಶಿ ನೋಡಿದಳು. "ಗಿರಿಜಕ್ಕ, ಇದು ಎಲ್ಲಿದು?"

"ಕೋಲಿಂದ ಹೊರಗಿನದೇ" ಅಂದಳು ಗಿರಿಜಕ್ಕ, ನೆಲ ನೋಡುತ್ತ.

ಅಷ್ಟರಲ್ಲಿ ಅಂಗಳದಲ್ಲಿ ದನಿ ಎದ್ದಿತು. ಬೆಳಿಗ್ಗೆ ಇಳಿತದಲ್ಲಿ ಗಿರಿಜಕ್ಕ ಕೋಲು ದಾಟಿದ್ದನ್ನು ಯಾರೋ ಕಂಡಿದ್ದರು. ನಾಲ್ಕಾರು ಹೆಂಗಸರು, ಮುಂದೆ ಪಕ್ಕದ ಮನೆಯ ಮಂಕಾಳಿ. ಅವಳು ಜಗುಲಿಯ ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ಇದ್ದಹಾಗೆ ಬರೆಯುತ್ತೇನೆ: "ನನ್ನ ಮಗಳು ಬಸುರಿ. ಬಯಕೆ ಆಗ್ತದೆ ಆಯಿ, ಒಂದು ಹಿಡಿ ತಾ ಅಂತ ಅತ್ತಳು. ಆಗ ನೀನೇ ಅಲ್ದನೇ ಗಿರಿಜಾ ನಂಗೆ ಕೋಲು ತೋರ್ಸಿದ್ದು? ಮಗಳಿಗೆ ಇಲ್ಲ ಅಂದೆ ನಾನು. ಬಯಕೆ ತೀರಿಸ್ದೆ ಇದ್ದೆ. ಈಗ ಯಾರಿಗೆ ಹಾಕ್ದೆ ಅದ್ನ? ಯಾರಿಗೆ?"

ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಮಿತ್ರಾ ಮುಂದೆ ಹೋದಳು. "ಅವಳನ್ನು ಬೈಯಬೇಡಿ. ನಾನೇ ತರಲಿಕ್ಕೆ ಹೇಳಿದ್ದು. ತಪ್ಪು ನಂದು."

ಎಲ್ಲರೂ ಅವಳನ್ನೇ ನೋಡಿದರು. ನಾನು ಹಿಂದೆ, ಎಂಜಲು ಕೈಯಲ್ಲಿ ನಿಂತಿದ್ದೆ. ಈಗ ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. "ಬೇಡಿದಾಕಿ ನಾನು, ತಿಂದಾಕಿ ನಾನು" ಎನ್ನಲು ಎಷ್ಟು ಹೊತ್ತು ಬೇಕು? ಊಟಕ್ಕೆ ಅಷ್ಟು ಅಗಲವಾಗಿ ತೆರೆದ ಬಾಯಿ ಆಗ ತೆರೆಯಲಿಲ್ಲ. ನಾನು ಹೊರಗಿನವಳು, ನಡುವೆ ಬಾಯಿ ಹಾಕಿದರೆ ಇನ್ನೂ ಕೆಡುತ್ತದೆ, ಪತ್ರಿಕೆಯಲ್ಲಿ ಚೆನ್ನಾಗಿ ಬರೆದು ಋಣ ತೀರಿಸೋಣ, ಹೀಗೆ ಏನೇನೋ ಸಬೂಬು ತಲೆಯಲ್ಲಿ ಸಾಲಾಗಿ ಬಂದವು. ಸಬೂಬು ಹುಡುಕುವುದರಲ್ಲಿ ನಾನು ಚುರುಕು.

"ಹಂಗಾದ್ರೆ ನಿಮ್ಮ ಕೋಲು ನೀವೇ ಇಟ್ಕಣಿ ಟೀಚರೆ" ಅಂದಳು ಮಂಕಾಳಿ. ಕೂಗಲಿಲ್ಲ, ಮೆಲ್ಲಗೆ ಅಂದಳು. ಹೆಂಗಸರು ಹೊರಟುಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಎಷ್ಟು ಸಲ ಕಾಪಿ ಬರೆದಿದ್ದೇನೋ. ಆಟೋದಲ್ಲಿ ಕುಮಟೆಗೆ ಬರುವಾಗ ಸುಮಿತ್ರಾಳಿಗೆ, "ನನ್ನಿಂದ ಹೀಂಗಾತು" ಅಂದೆ. ಅವಳು ಹೊರಗೆ ನೋಡುತ್ತ, "ಗಿರಿಜಕ್ಕ ಇನ್ನು ಆ ಊರಲ್ಲಿ ಇರಬೇಕಲ್ಲ" ಅಂದಳು, ಅಷ್ಟೇ. ಅವಳ ತಾಯಿಯ ಫೋನ್ ಬಂತು. "ಎಂತದೂ ಇಲ್ಲೆ ಆಯಿ, ಎಲ್ಲ ಸರಿ ಇದ್ದು. ನಾ ಬತ್ತೆ" ಅಂದಳು. ಆ ಮಾತು ಕೇಳಲಾಗದೆ ನಾನು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಮಾಡಿದೆ.

ಮರುದಿನ ಬೆಳಿಗ್ಗೆ ಕುಮಟಾ ನಿಲ್ದಾಣದಲ್ಲಿ ಹುಬ್ಬಳ್ಳಿಯ ಬಸ್ಸಿಗೆ ಕಾಯುತ್ತಿದ್ದೆ. ನೋಡಿದರೆ ಗಿರಿಜಕ್ಕ ಬರುತ್ತಿದ್ದಾಳೆ! ಕಣ್ಣು ಊದಿತ್ತು. ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಇಟ್ಟಳು. "ನಿನ್ನೆ ಉಳಿದದ್ದು, ಬಿಸಿ ಮಾಡೀದೆ. ಧಾರವಾಡದಲ್ಲಿ ಎಲ್ಲಿ ಸಿಗ್ತದೆ ನಿಮ್ಗೆ?"

"ಊರಾಗ ಏನಂತಾರ?" ಎಂದು ಕೇಳಿದೆ.

"ಎಂತ ಅಂತ್ರು? ಮಾತಾಡೂದಿಲ್ಲ. ಮಂಕಾಳಿ ಬಾಗಿಲು ಹಾಕೊಂಡಳು." ಆಮೇಲೆ, "ಟೀಚರಿಗೆ ನನ್ನಿಂದ ಕೆಟ್ಟ ಹೆಸರು ಬಂತು ಅಮ್ಮ. ಅವ್ರ ಬಗ್ಗೆ ಚಂದ ಬರೀರಿ" ಅಂದಳು. ನಿಮ್ಮಿಂದ ಎನ್ನಲಿಲ್ಲ ಅವಳು, ತನ್ನಿಂದ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಡಬ್ಬಿ ಬೇಡ ಅಂದರೆ ಅವಳು ಮಾಡಿದ್ದೆಲ್ಲ ಯಾರಿಗೂ ಬೇಡವಾದಂತೆ ಆಗುತ್ತಿತ್ತು. ತೆಗೆದುಕೊಂಡೆ.

ಬಸ್ಸು ಅಘನಾಶಿನಿ ದಾಟುವ ದಿವಗಿಯ ಸೇತುವೆ ಹತ್ತಿತು. ಕಿಟಕಿಗೆ ಮುಖ ಒತ್ತಿ ಅಳಿವೆಯ ಕಡೆ ನೋಡಿದೆ. ಇಳಿತ. ದೂರದ ದಿಣ್ಣೆಯ ಮೇಲೆ ಹೆಂಗಸರು ಬಗ್ಗಿದ್ದರು, ಬುಟ್ಟಿಗಳು ಪಕ್ಕದಲ್ಲಿ. ಕೋಲುಗಳನ್ನು ಹುಡುಕಿದೆ. ಒಂದೂ ಕಾಣಲಿಲ್ಲ. ದೂರಕ್ಕೆ ಕಣ್ಣು ಸಾಲಲಿಲ್ಲ ಅಂದುಕೊಳ್ಳಬಹುದಿತ್ತು. ಹುಣ್ಣಿಮೆಗೆ ಇನ್ನೂ ದಿನಗಳಿದ್ದವು. ಶರಾವತಿಯ ದಡದ ಆ ಮುದುಕಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮೀನಿನ ಬುಟ್ಟಿಗಳ ಜೊತೆಗೇ ಹೋಗಿರುತ್ತದೆ.

ಘಟ್ಟ ಹತ್ತಿದ ಮೇಲೆ ಹಸಿವಾಯಿತು. ಎಸೆಯಲೇ ಎಂದು ಡಬ್ಬಿ ತೆರೆದೆ. ಬಸುರಿಗೆ ಸಿಗದ ತುತ್ತನ್ನು ರಸ್ತೆಗೆ ಎಸೆಯುವುದೇ? ಕೂತು ತಿಂದೆ, ಕಡೆಯ ಚಿಪ್ಪಿನವರೆಗೆ. ರುಚಿ ಸ್ವಲ್ಪವೂ ಕಮ್ಮಿಯಾಗಿರಲಿಲ್ಲ. ಉಂಡೂ ಹೋದ ಕೊಂಡೂ ಹೋದ ಎಂದು ನಮ್ಮವ್ವ ಬೈಯುತ್ತಿದ್ದದ್ದು ಇಂಥವರಿಗೇ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನವಳು "ಖಾರ ಜಾಸ್ತಿ ಆತೇನ್ರೀ?" ಎಂದು ನೀರಿನ ಬಾಟಲಿ ಕೊಟ್ಟಳು. ಹೌದು ಎಂದು ಗೋಣು ಹಾಕಿ ಕುಡಿದೆ.

ಇಲ್ಲಿ ಎಲ್ಲರ ಹೆಸರೂ ಬದಲಿಸಿದ್ದೇನೆ. ಈ ಬರಹದ ಒಂದು ಪ್ರತಿ ಆ ಊರಿಗೂ ಹೋಗಬೇಕೆಂದು ಕೇಳಿಕೊಂಡಿದ್ದೇನೆ. ಮಂಕಾಳಿಗೆ ಯಾರಾದರೂ ಓದಿ ಹೇಳಲಿ: ಕೇಳಿದವಳು ಟೀಚರ್ ಅಲ್ಲ. ಡಬ್ಬಿ ನನ್ನ ಅಡುಗೆಮನೆಯ ಕಟ್ಟೆಯ ಮೇಲಿದೆ, ತೊಳೆದು ಬೋರಲು ಹಾಕಿದ್ದೇನೆ. ಒಯ್ದು ಕೊಡಬೇಕು. ನಮ್ಮ ಕಡೆ, ಅವರ ಕಡೆ, ಎಲ್ಲಿಯೂ ಡಬ್ಬಿಯನ್ನು ಖಾಲಿ ವಾಪಸು ಕೊಡುವ ಪದ್ಧತಿ ಇಲ್ಲ. ಅದರಲ್ಲಿ ಏನು ತುಂಬಲಿ ಎಂದು ದಿನಾ ನೋಡುತ್ತ ನಿಲ್ಲುತ್ತೇನೆ.