ತಟ್ಟೆಬಂಡಿಯ ಸೆಲ್ಸೊ ಮಾವ

ತಾನು ಖಗೋಳ ವಿಜ್ಞಾನದಲ್ಲಿದ್ದೇನೆ ಎಂದು ಕಲಾಮಾ ಪೇಟೆಯ ಹುಡುಗಿಯರ ಮುಂದೆ ಎವರಿಸ್ತೊ ಕೊಲ್ಕೆ ಹೇಳಿಕೊಳ್ಳುತ್ತಿದ್ದ. ಪೂರ್ತಿ ಸುಳ್ಳೇನಲ್ಲ. ಐದು ಸಾವಿರ ಮೀಟರ್ ಎತ್ತರದ ಬಯಲಿನಲ್ಲಿ ಆಕಾಶಕ್ಕೆ ಮುಖವೊಡ್ಡಿ ನಿಂತ ರೇಡಿಯೊ ದೂರದರ್ಶಕದ ಬಿಳಿ ತಟ್ಟೆಗಳು ಒಂದೊಂದೂ ನೂರು ಟನ್ನು ತೂಗುತ್ತಿದ್ದವು. ಅವನ್ನು ಒಂದು ಕಟ್ಟೆಯಿಂದ ಎತ್ತಿ ಇನ್ನೊಂದಕ್ಕೆ ಸಾಗಿಸುವ ಇಪ್ಪತ್ತೆಂಟು ಗಾಲಿಯ ಬಂಡಿಯ ಮುಂದೆ ಕೆಂಪು ಬಾವುಟ ಹಿಡಿದು ನಡೆಯುವುದು ಅವನ ಕೆಲಸ. ವರ್ಷಗಟ್ಟಲೆ ಓದಿದವರು ನಕ್ಷತ್ರ ನೋಡುತ್ತಿದ್ದರು. ತಾಂತ್ರಿಕ ಶಾಲೆಯ ಬೆಂಚು ಎರಡು ವರ್ಷ ಸವೆಸಿದ ಇವನು, ದಾರಿಯಲ್ಲಿ ಕಲ್ಲಿದೆಯೇ ಎಂದು ನೆಲ ನೋಡುತ್ತಿದ್ದ.

ಬಂಡಿ ನಡೆಸುತ್ತಿದ್ದವನು ಅವನ ಸೋದರಮಾವ ಸೆಲ್ಸೊ ಆಯಾವಿರೆ. ಈ ಕೆಲಸ ಕೊಡಿಸಿದವನೂ ಅವನೇ. ಸೆಲ್ಸೊ ಹುಡುಗನಾಗಿದ್ದಾಗ ಇದೇ ಬಯಲಿನಲ್ಲಿ ಲಾಮಾ ಮಂದೆ ಕಾದವನು. ಆಮೇಲೆ ತಮ್ಮ ಎಲಿಸೆಯೊ ಜೊತೆ ಗಂಧಕದ ಗಣಿಗೆ ಇಳಿದ. ಎವರಿಸ್ತೊ ಹುಟ್ಟಿದ ವಾರವೇ ಗಣಿ ಕುಸಿದು, ಸೆಲ್ಸೊ ಒಬ್ಬನೇ ಮೇಲೆ ಬಂದ. ಖಗೋಳದವರು ಬಂದಾಗ ಗಟ್ಟಿ ನೆಲ ಯಾವುದು, ಟೊಳ್ಳು ಯಾವುದು ಎಂದು ಕಾಲಿನಿಂದ ತಟ್ಟಿ ತೋರಿಸಿದ. ಅವರು ಅಲ್ಲೇ ರಸ್ತೆ ಮಾಡಿ, ಬಂಡಿಯ ಸ್ಟೀರಿಂಗನ್ನು ಅವನ ಕೈಗೇ ಕೊಟ್ಟರು. ಇಷ್ಟು ವರ್ಷದಲ್ಲಿ ಒಂದು ತಟ್ಟೆಗೂ ಗೀರು ಬಿದ್ದಿರಲಿಲ್ಲ.

ಅಲ್ಲಿ ಗಾಳಿ ತೆಳು. ಬೇರೆಯವರೆಲ್ಲ ಬೆನ್ನಿಗೆ ಆಮ್ಲಜನಕದ ಸಿಲಿಂಡರು ಕಟ್ಟಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಸುತ್ತಲ ಹಳ್ಳಿಗಳ ಗಂಡಸರು ಅದಕ್ಕೆ ಮೂಗುದಾರ ಎನ್ನುತ್ತಿದ್ದರು. ಇಲ್ಲೇ ಹುಟ್ಟಿದವನು ಮೂಗುದಾರ ಹಾಕಿಕೊಂಡರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಎವರಿಸ್ತೊಗೆ ತಲೆ ಸಿಡಿಯುತ್ತಿತ್ತು, ಆದರೂ ಹಾಕಿಕೊಳ್ಳುತ್ತಿರಲಿಲ್ಲ. ಸಿಡಿದರೂ ಒಳಗೆ ಅಂಥದ್ದೇನೂ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಮೇಲೆ ಹೋಗುವ ಮುನ್ನ ಚೆಕ್‌ಪೋಸ್ಟಿನಲ್ಲಿ ನರ್ಸ್ ಯನಿರಾ ಎಲ್ಲರ ಬೆರಳಿಗೂ ಕ್ಲಿಪ್ಪು ಹಾಕಿ ರಕ್ತದ ಆಮ್ಲಜನಕ ನೋಡುತ್ತಿದ್ದಳು. ಎಂಬತ್ತಕ್ಕಿಂತ ಕಡಿಮೆ ಬಂದರೆ ಆ ದಿನ ವಾಪಸು. ಸತತ ಎರಡು ಸಲ ಬಂದರೆ ಬಯಲು ಶಾಶ್ವತವಾಗಿ ಮುಚ್ಚಿದ ಹಾಗೆ. ಸೋಮವಾರ ಸೆಲ್ಸೊನ ಬೆರಳು ಎಪ್ಪತ್ನಾಲ್ಕು ಹೇಳಿತ್ತು. ಮುಂದಿನ ಪಾಳಿ ಗುರುವಾರ.

ಗುರುವಾರ ಬೆಳಿಗ್ಗೆ ಜೀಪಿನಲ್ಲಿ ಮಾವ ಕಂಬಳಿಯನ್ನು ಇಬ್ಬರ ತೊಡೆಗೂ ಹರಡಿದ.

"ನಿನ್ ಬೆರಳು ಕೊಡೋ."

"ಮಾವ, ಬೇಡ. ಒಂದ್ಸಲ ಕೆಳಗೆ ಆಸ್ಪತ್ರೆಗೆ ತೋರ್ಸೋಣ."

"ತೋರ್ಸಿ? ಆಮೇಲೆ ಅಡುಗೆಮನೇಲಿ ಕೂತು ಆಲೂಗಡ್ಡೆ ಸುಲೀಲಾ? ನಾ ಹುಟ್ಟಿದ್ ಜಾಗಕ್ಕೆ ಹೋಗೋಕೆ ಒಂದು ಕ್ಲಿಪ್ಪಿನ ಅಪ್ಪಣೆ ಬೇಕೇನೋ? ಕೊಡು ಅಂದ್ರೆ ಕೊಡು."

ತಣ್ಣಗಿನ ಬೆರಳು ತಪ್ಪು ಲೆಕ್ಕ ಕೊಡುತ್ತದೆಂದು ಕಂಬಳಿಯೊಳಗೆ ಕೈ ಬೆಚ್ಚಗಿಡುವ ರೂಢಿ ಮಾಡಿಸಿದವಳು ಯನಿರಾಳೇ. ಅವಳು ಕಿಟಕಿಯಿಂದ ವೈರು ನೀಡಿದಳು. ಕಂಬಳಿಯ ಕತ್ತಲಲ್ಲಿ ಕ್ಲಿಪ್ಪು ಅಳಿಯನ ಬೆರಳು ಕಚ್ಚಿತು.

"ಎಂಬತ್ತೆಂಟು! ಸೆಲ್ಸೊ ಯಜಮಾನ್ರೇ, ಹೊಸ ಮದುಮಗನ ರಕ್ತ ನಿಮ್ದು."

"ಹುಡುಗಿ ಇದ್ರೆ ಹೇಳಮ್ಮ," ಎಂದ ಸೆಲ್ಸೊ.

ಎವರಿಸ್ತೊನ ಸರದಿಗೂ ಎಂಬತ್ತೆಂಟೇ ಬಂತು. ಯನಿರಾ ಪರದೆಯನ್ನು ಎರಡು ಸಲ ನೋಡಿದಳು. ಹಿಂದಿನ ಜೀಪು ಹಾರ್ನ್ ಹೊಡೆಯಿತು. ಬರೆದುಕೊಂಡು ಕಳಿಸಿದಳು.

ಬಯಲಿನಲ್ಲಿ ಅಂದು ಗಾಳಿ ನಿಂತಿತ್ತು. ಎಲ್ಲೋ ಒಂದು ಎಳೆಯ ನಕ್ಷತ್ರದ ಸುತ್ತ ಧೂಳಿನ ಉಂಗುರದಲ್ಲಿ ಗ್ರಹಗಳು ಹುಟ್ಟುತ್ತಿವೆಯಂತೆ. ಅದನ್ನು ಸ್ಪಷ್ಟವಾಗಿ ಕಾಣಲು ತಟ್ಟೆಗಳನ್ನು ದೂರ ದೂರ ಹರಡಬೇಕಿತ್ತು. ಹೊರಡುವ ಮುನ್ನ ಸೆಲ್ಸೊ ಎಂದಿನಂತೆ ಮೂರು ಕೋಕಾ ಎಲೆ ನೆಲಕ್ಕಿಟ್ಟು, ಮೇಲೆ ಸಾರಾಯಿ ಚಿಮುಕಿಸಿ ಭೂತಾಯಿಯ ಅಪ್ಪಣೆ ಕೇಳಿದ. ಬಂಡಿಯ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದು, ಏನೂ ಮಾಡಿಯೇ ಇಲ್ಲವೆನ್ನುವಂತೆ ಮತ್ತೆ ಮೂರು ಎಲೆ ಇಟ್ಟ. ಎವರಿಸ್ತೊ ನೋಡಿಯೂ ಕಾಣದವನಂತೆ ಬಾವುಟ ಬಿಚ್ಚಿದ. ಕಾಣದವನಂತಿರುವುದರಲ್ಲಿ ಅವನಿಗೆ ಒಳ್ಳೆ ಅನುಭವವಿತ್ತು.

ಅವನ ಸೊಂಟದಲ್ಲಿ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಬಂಡಿ ನಿಂತಲ್ಲೇ ಬಿಗಿದುಕೊಳ್ಳುತ್ತದೆ, ತಟ್ಟೆಯ ಉಪಕರಣ ಕೆಡದಂತೆ ತಂಪಾಗಿಡುವ ಶೀತಯಂತ್ರವೂ ನಿಲ್ಲುತ್ತದೆ. ಆಮೇಲೆ ವಿಚಾರಣೆ. ವಿಚಾರಣೆಯಲ್ಲಿ ಮೊದಲು ನೋಡುವುದು ಚಾಲಕನ ಬೆರಳು.

ಅರ್ಧ ದಾರಿಯಲ್ಲಿ ರೇಡಿಯೊ ಗೊರಗುಟ್ಟಿತು.

"ಲೋ, ಮುಂದೆ ಮಂದೆ ಅಡ್ಡ ನಿಂತಿದೆ. ಓಡ್ಸೋ."

ಮುಂದೆ ಕೆಂಪು ಜಲ್ಲಿಯ ದಾರಿ ಬಿಟ್ಟರೆ ಏನೂ ಇರಲಿಲ್ಲ. ಎಡಕ್ಕೆ ಇಳಿಜಾರು.

"ಯಾವ ಮಂದೆ ಮಾವ? ನಿಂದೊಳ್ಳೆ ತಮಾಷೆ."

"ಕಣ್ಣಿಲ್ವೇನೋ ಎಲಿಸೆಯೊ? ಓಡ್ಸು ಅಂದೆ!"

ಬಂಡಿಯ ಮುಂಗಾಲಿಗಳು ನಿಧಾನವಾಗಿ ಎಡಕ್ಕೆ ಹೊರಳಿದವು. ಎವರಿಸ್ತೊನ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು, ಒತ್ತಲಿಲ್ಲ. ಬದಲಿಗೆ ಅವನು ಬಾವುಟ ಬೀಸಿ "ಹೋಯ್! ಹೋಯ್!" ಎಂದು ಕೂಗುತ್ತಾ, ಇಲ್ಲದ ಲಾಮಾಗಳನ್ನು ದಾರಿಯಿಂದಾಚೆ ಅಟ್ಟಿದ.

"ಹೋದ್ವು, ಮಾವ. ನೇರ ಬಾ."

ಗಾಲಿಗಳು ನೇರವಾದವು. ಎವರಿಸ್ತೊ ಬಾವುಟ ಎತ್ತಿ ಮುಂದೆ ಹೆಜ್ಜೆಯಿಟ್ಟ. ಇನ್ನೂ ಒಂದೂವರೆ ಕಿಲೋಮೀಟರು. ಹೀಗೇ ಅಟ್ಟಿಕೊಂಡು ಹೋದರೆ ಆಯಿತು ಎಂದುಕೊಂಡ. ಹಿಂದೆ ನೂರು ಟನ್ನಿನ ನೆರಳು ಅವನ ನೆರಳನ್ನು ನುಂಗಿಕೊಂಡು ಬರುತ್ತಿತ್ತು. ಅವನು ಹೋಯ್ ಎನ್ನುತ್ತಾ, ಕೈ ಬೀಸುತ್ತಾ ನಡೆದ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿರುವುದು ಮುಂದೆ ನಡೆಯುವವನಿಗೆ ಎಂದೇ ತಿಳಿಯುತ್ತಿದ್ದರು.

"ಒಂದು ಮರಿ ಉಳ್ಕೊಂಡಿದೆ," ಎಂದಿತು ರೇಡಿಯೊ, ತುಂಬಾ ಮೆತ್ತಗೆ. "ಕಾಲು ಮುರ್ಕೊಂಡಿದೆ ಪಾಪ. ನೀ ನಿಲ್ಲು, ನಾ ಎತ್ಕೊಂಡು ಬರ್ತೀನಿ."

ಎವರಿಸ್ತೊ ತಿರುಗಿ ನೋಡಿದ. ಬಂಡಿ ಚಲಿಸುತ್ತಲೇ ಇತ್ತು. ಕ್ಯಾಬಿನ್ನಿನ ಬಾಗಿಲು ತೆರೆದಿತ್ತು. ಮಾವನ ಒಂದು ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು, ಅದರ ಕೆಳಗೇ ಗಾಲಿಗಳು.

ಗುಂಡಿ ಒತ್ತಿದ. ಇಪ್ಪತ್ತೆಂಟು ಗಾಲಿಗಳೂ ಒಟ್ಟಿಗೆ ಕಿರುಚಿ ನಿಂತವು.

ಯನಿರಾ ಬಂದಾಗ ಸೆಲ್ಸೊ ಗಾಲಿಗೊರಗಿ ಕೂತಿದ್ದ. ಬೆರಳು ಐವತ್ತೆಂಟು ಹೇಳಿತು. ಅವಳು ಮೂಗಿಗೆ ಕೊಳವೆ ಸಿಕ್ಕಿಸುವಾಗ ಅವನು ತಡೆಯಲಿಲ್ಲ. ಅಳಿಯನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆಗಲೇ.

"ಬೆಳಿಗ್ಗೆ ಬಂದ ಎಂಬತ್ತೆಂಟು ಯಾರದ್ದು?" ಎಂದಳು ಯನಿರಾ.

"ನಂದೇ," ಎಂದ ಎವರಿಸ್ತೊ. "ಎರಡೂ ನಂದೇ."

"ಇಬ್ರಿಗೂ ಇನ್ನು ಮೇಲಕ್ಕೆ ದಾರಿಯಿಲ್ಲ, ಗೊತ್ತಲ್ಲ? ಇರ್ಲಿ, ಮೊದ್ಲು ಎತ್ತು. ಕೆಳಗಿಳಿದ್ರೆ ತಲೆ ತಿಳಿಯಾಗುತ್ತೆ."

ಕೊಳವೆ ಮೂಗಿನಲ್ಲಿದ್ದಂತೆಯೇ ಜೀಪು ಇಳಿಯಿತು. ನಾಲ್ಕು ಸಾವಿರ ಮೀಟರಿನಲ್ಲಿ ಬೆರಳು ಎಂಬತ್ತು ತೋರಿಸಿತು. ಮೂರು ಸಾವಿರಕ್ಕೆ ಬಂದಾಗ ತೊಂಬತ್ತೈದು. ಯನಿರಾ ಆಮೇಲೆ ಪರದೆ ನೋಡುವುದನ್ನು ಬಿಟ್ಟು ಸೆಲ್ಸೊನ ಕಣ್ಣನ್ನೇ ನೋಡತೊಡಗಿದಳು.

ಸೆಲ್ಸೊ ಅಳಿಯನ ಕೈ ಹಿಡಿದುಕೊಂಡ. ಮುಖದಲ್ಲಿ ಬಣ್ಣ ಬಂದಿತ್ತು, ದನಿಯೂ ಗಟ್ಟಿಯಾಗಿತ್ತು.

"ಎಲಿಸೆಯೊ, ಅಕ್ಕಂಗೆ ಗಂಡು ಮಗು ಆಯ್ತಂತಲ್ಲ. ನಾಳೆ ಗಣಿಗೆ ಬೇಡ, ನೋಡ್ಕೊಂಡು ಬರೋಣ. ಹೆಸರೇನಿಟ್ರು?"

ಎವರಿಸ್ತೊ ತನ್ನ ಹೆಸರು ಹೇಳಿದ.